ಕುರಿಯ ನಾಲಿಗೆ

ನಾಲಿಗೆಗೆ ಎಲುಬಿಲ್ಲ, ಎತ್ತ ಬೇಕಾದರೂ ಹೊರಳುತ್ತದೆ ಎನ್ನುತ್ತಾರೆ. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಒಂದು ಸತ್ತ ಕುರಿಯ ನಾಲಿಗೆ ಹೊರಳಿದ ಹೊರಳಿಗೆ ಇಂಡಿಯಾದವರು ಹುಟ್ಟು ಪುಕ್ಕಲರಾದರು, ರಷ್ಯದವರು ಚರ್ಮ ಸುಲಿದರಷ್ಟೇ ನೋವು ತಿಳಿಯುವ ಜನರಾದರು.

ಹೊರಳಿಸಿದವನು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಏಕೆ ಬೇರೆಬೇರೆ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಬರೆದು ನಾವೆಲ್ಲ ಅಂಕ ಗಿಟ್ಟಿಸಿದ್ದು ಇವನ ಹೆಸರಿನಲ್ಲೇ. 1748ರಲ್ಲಿ ಅಚ್ಚಾದ ‘ದಿ ಸ್ಪಿರಿಟ್ ಆಫ್ ಲಾಸ್’ನ 14ನೇ ಭಾಗದಲ್ಲಿ ಈ ನಾಲಿಗೆಯಿದೆ. ಪಠ್ಯಪುಸ್ತಕದವರು ಅಲ್ಲಿಯವರೆಗೆ ಹೋಗುವುದಿಲ್ಲ.

ಅವನು ಮಾಡಿದ್ದಿಷ್ಟು. ನಾಲಿಗೆಯ ಮೇಲೆ ಬರಿಗಣ್ಣಿಗೆ ಸಣ್ಣ ಸಣ್ಣ ಗುಳ್ಳೆ ಕಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಳ್ಳೆಗಳ ಮೇಲೆ ನವಿರು ರೋಮ, ನಡುನಡುವೆ ಪುಟ್ಟ ಗೋಪುರಗಳು, ಅವುಗಳ ತುದಿಯಲ್ಲಿ ಕುಂಚ. ರುಚಿಯ ಮೂಲ ಈ ಗೋಪುರಗಳೇ ಇರಬೇಕೆಂದು ಊಹಿಸಿ, ಅರ್ಧ ನಾಲಿಗೆಯನ್ನು ಹೆಪ್ಪುಗಟ್ಟಿಸಿದ. ಗುಳ್ಳೆಗಳು ಕುಗ್ಗಿದವು, ಕೆಲವು ಸಾಲುಗಳು ಒಳಕ್ಕೇ ಸರಿದುಕೊಂಡವು, ಗೋಪುರಗಳು ಮಾಯ. ಮಂಜು ಕರಗುತ್ತ ಬಂದಂತೆ ಗುಳ್ಳೆಗಳು ಮತ್ತೆ ಎದ್ದವು. ಹೋಲಿಸಿ ನೋಡಲು ಉಳಿದರ್ಧ ಇದ್ದೇ ಇತ್ತು. ಇಲ್ಲಿಯವರೆಗೆ ಭೇಷ್ ಎನ್ನಲೇಬೇಕು.

ಆಮೇಲಿನದು ಒಂದೇ ನೆಗೆತ. ಚಳಿ ದೇಶದವರ ನರಗಳು ಒಳಗೆ ಮುದುಡಿಕೊಂಡಿರುತ್ತವೆ, ಹಾಗಾಗಿ ಅವರಿಗೆ ಸಂವೇದನೆ ಕಡಿಮೆ. ಸೆಕೆ ದೇಶದವರಿಗೆ ಎಲ್ಲವೂ ಅತಿ. ಸಾಕ್ಷಿಗೆ ಒಪೆರಾ: ಅದೇ ನಾಟಕ, ಅದೇ ನಟರು, ಇಂಗ್ಲೆಂಡಿನವರು ತಣ್ಣಗೆ ಕೂತಿದ್ದರು, ಇಟಲಿಯವರು ಹುಚ್ಚೆದ್ದರು.

ಎಡವಿದ್ದೆಲ್ಲಿ? ಸತ್ತ ನಾಲಿಗೆಗೆ ಮೈಬಿಸಿ ಇಲ್ಲ, ಇಟ್ಟ ಕಡೆಯ ತಣ್ಪೇ ಅದರ ತಣ್ಪು. ಬದುಕಿರುವ ಮನುಷ್ಯನ ಒಳಮೈ ಮಾಸ್ಕೋದಲ್ಲೂ ಮೈಸೂರಿನಲ್ಲೂ ಸುಮಾರು 37 ಡಿಗ್ರಿ ಸೆಲ್ಸಿಯಸ್ಸೇ. ಬಾಯಿ ಮುಚ್ಚಿಕೊಂಡಿರುವ ರಷ್ಯನ್ನನ ನಾಲಿಗೆ ಹೆಪ್ಪುಗಟ್ಟುವುದಿಲ್ಲ. ಇನ್ನು, ಗುಳ್ಳೆ ಕುಗ್ಗಿದ್ದನ್ನು ಕಣ್ಣು ಕಂಡಿತು ಸರಿ. ರುಚಿ ಕುಗ್ಗಿತೆಂದು ಹೇಳಬೇಕಾಗಿದ್ದ ಕುರಿ ಎಲ್ಲಿತ್ತು?

ಸಮಕಾಲೀನರೂ ಸುಮ್ಮನಿರಲಿಲ್ಲ. ಹವೆಯ ಪ್ರಭಾವ ಒಂದಿಷ್ಟಿದ್ದರೆ ಸರ್ಕಾರದ್ದು ಅದರ ನೂರು ಪಟ್ಟು ಎಂದ ಫ್ರೆಂಚ್ ಲೇಖಕ ವಾಲ್ಟೇರ್. 1758ರಲ್ಲಿ ಇನ್ನೊಬ್ಬ ಫ್ರೆಂಚ್ ಚಿಂತಕ ಹೆಲ್ವೇಷಿಯಸ್ ಹವೆಯನ್ನೇ ಪಕ್ಕಕ್ಕಿಟ್ಟು, ಮನುಷ್ಯರನ್ನು ಬೇರೆಬೇರೆ ಮಾಡುವುದು ಶಿಕ್ಷಣ ಎಂದು ಹಟ ಹಿಡಿದ; ಮರುವರ್ಷವೇ ಅವನ ಪುಸ್ತಕವನ್ನು ಸುಟ್ಟರು. ಅವನದೂ ಅತಿಯೇ ಅನ್ನಿ, ಆದರೆ ಶಾಲೆ ಕಟ್ಟಿಸುವುದಕ್ಕಾದರೂ ಆಗುವಂಥ ಅತಿ.

ಹಾಗಂತ ಮಾಂಟೆಸ್ಕ್ಯೂವನ್ನು ನಾಲಿಗೆಯ ಜೊತೆಗೇ ಎಸೆದುಬಿಡುವಂತಿಲ್ಲ. ಹವೆ ಮನುಷ್ಯನನ್ನು ಬಗ್ಗಿಸುತ್ತದೆ ಎಂದವನೇ, ಹವೆಯ ದೋಷಕ್ಕೆ ತಾಳ ಹಾಕುವವನು ಕೆಟ್ಟ ಶಾಸನಕಾರ, ಅದಕ್ಕೆ ಎದುರು ನಿಲ್ಲುವವನು ಒಳ್ಳೆಯವನು ಎಂದೂ ಬರೆದ. ಮುಂದಿನ ಭಾಗದಲ್ಲಿ, ಗುಲಾಮಗಿರಿಯ ಮಾತು ಬಂದಾಗ, ಇದನ್ನು ಬರೆಸುತ್ತಿರುವುದು ಬುದ್ಧಿಯೋ ಹೃದಯವೋ ತಿಳಿಯದು ಎನ್ನುತ್ತ, ಸ್ವತಂತ್ರರನ್ನು ದುಡಿಮೆಗೆ ಒಪ್ಪಿಸಲಾಗದ ಹವೆ ಭೂಮಿಯ ಮೇಲೆ ಬಹುಶಃ ಎಲ್ಲೂ ಇಲ್ಲ ಎಂದ. ಕಾನೂನು ಕೆಟ್ಟದ್ದಾಗಿತ್ತು, ಜನ ಸೋಮಾರಿಗಳಾದರು. ಸೋಮಾರಿಗಳೆಂದು ಅವರನ್ನು ಗುಲಾಮರನ್ನಾಗಿ ಮಾಡಿದರು. ಇದೂ ಅವನದೇ ಮಾತು, ಸೂಕ್ಷ್ಮದರ್ಶಕವಿಲ್ಲದೆ ಕಂಡದ್ದು.