ಗಾಯಕ್ಕೆ ಸಿಗ್ನಲ್ ಕೊಡುವ ಮದ್ದು ಬೇಕಾ? ಪರ-ವಿರೋಧ

ಪರ

ಗಾಯ ಮಾಯಲು ಜೀವಕೋಶಗಳು ಒಂದಕ್ಕೊಂದು ಸಿಗ್ನಲ್ ಕೊಡುವ ಪ್ರೋಟೀನ್‌ಗಳನ್ನು ಮದ್ದಾಗಿ ಹೊರಗಿನಿಂದ ಹಚ್ಚಬೇಕು ಅನ್ನುವ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೂರ್ತಿ ಒಪ್ಪಿಗೆ ಇದೆಯಾ ಅಂತ ಮಾತ್ರ ಕೇಳಬೇಡಿ.

ಚರ್ಮ ಕೊಯ್ದುಕೊಂಡಾಗ ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸಿ ಸುಮ್ಮನಾಗುವುದಿಲ್ಲ. ತಮ್ಮೊಳಗಿನ ಪಿಡಿಜಿಎಫ್, ಟಿಜಿಎಫ್-ಬೀಟಾ ಎಂಬ ಸಿಗ್ನಲ್ ಪ್ರೋಟೀನ್‌ಗಳನ್ನು ಹೊರಗೆ ಬಿಡುತ್ತವೆ. ಆ ಸುಳಿವು ಹಿಡಿದು ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ, ಎರಡು-ಮೂರು ದಿನಕ್ಕೆ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ರಕ್ಷಣಾ ಕೋಶಗಳು ಸೇರಿಕೊಳ್ಳುತ್ತವೆ. ಇವು ಮೊದಲು ಕೀಟಾಣು, ಸತ್ತ ಜೀವಕೋಶ ತಿಂದು ಉರಿಯೂತ ಏರಿಸುತ್ತವೆ. ಆಮೇಲೆ ಮ್ಯಾಕ್ರೋಫೇಜ್‌ಗಳು ರಾಗ ಬದಲಿಸಿ ರಿಪೇರಿಗೆ ಕರೆ ಕೊಡುತ್ತವೆ. ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ನಾರು ಹೆಣೆಯುತ್ತವೆ. ಆಮ್ಲಜನಕ ಕಡಿಮೆ ಇರುವ ಕಡೆ ವಿಇಜಿಎಫ್ ಎಂಬ ಇನ್ನೊಂದು ಸಿಗ್ನಲ್ ಏರಿ ಹೊಸ ರಕ್ತನಾಳ ಚಿಗುರುತ್ತದೆ. ಅಂಚಿನ ಕೆರಟಿನೋಸೈಟ್‌ಗಳು, ಅಂದರೆ ಮೇಲ್ಚರ್ಮದ ಕೋಶಗಳು, ಇಜಿಎಫ್ ಎಂಬ ಸಿಗ್ನಲ್ ತಾಗಿ ತೆವಳುತ್ತಾ ಬಂದು ಗಾಯ ಮುಚ್ಚುತ್ತವೆ.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಉರಿಯೂತದ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಎಂಬ ಕಿಣ್ವಗಳು ಜಾಸ್ತಿ, ಅವು ಸಿಗ್ನಲ್ ಪ್ರೋಟೀನ್‌ಗಳನ್ನೇ ಕತ್ತರಿಸಿ ಹಾಕುತ್ತವೆ. ಕಡಿಮೆ ಬಿದ್ದದ್ದನ್ನು ಹೊರಗಿನಿಂದ ಕೊಟ್ಟರೆ ತಪ್ಪೇನು? 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಬೆಕಾಪ್ಲೆರ್ಮಿನ್ ಜೆಲ್‌ನಲ್ಲಿ ಇರುವುದು ಪಿಡಿಜಿಎಫ್. 2008ರಲ್ಲಿ ಅದಕ್ಕೆ ಕ್ಯಾನ್ಸರ್ ಸಾವಿನ ಬಗ್ಗೆ ದೊಡ್ಡ ಎಚ್ಚರಿಕೆ ಅಂಟಿಸಿದರು, ನಿಜ. 2018ರಲ್ಲಿ ಆ ಎಚ್ಚರಿಕೆ ತೆಗೆದರು. ನನ್ನ ಪಾಲಿನ ವಾದ ಇಷ್ಟು.

ವಿರೋಧ

ಟ್ಯೂಬ್ ಹಿಂಡಿದರೆ ಗಾಯ ಮಾಯುತ್ತದೆ ಅನ್ನುವವರಿಗೆ ಒಂದು ಪ್ರಶ್ನೆ. ದಿನಾ ಅದೇ ಜಾಗದ ಮೇಲೆ ಮೈಭಾರ ಬೀಳುತ್ತಿದ್ದರೆ ಯಾವ ಪ್ರೋಟೀನ್ ತಾನೇ ಏನು ಮಾಡೀತು?

ನಮ್ಮಪ್ಪನ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯಿಂದ ನರ ಮರಗಟ್ಟಿ ನೋವೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರೊಬ್ಬರು ದೂರದಿಂದಲೇ ನೋಡಿ ಇಂಥ ಜೆಲ್ ಬರೆದುಕೊಟ್ಟರು. ನಡೆಯಬಹುದಾ, ಬೇಡವಾ ಅನ್ನುವ ಮಾತೇ ಇಲ್ಲ. ಅಪ್ಪ ಶಿಸ್ತಿನ ಮನುಷ್ಯ. ತೆಳ್ಳಗೆ ಹಚ್ಚಿ, ಮೇಲೆ ಒದ್ದೆ ಗಾಜ್ ಬಟ್ಟೆ ಇಟ್ಟು, ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡುತ್ತಿದ್ದರು. ಗಾಯದ ಸುತ್ತ ಹಳದಿ ಗಟ್ಟಿ ಚರ್ಮ ಬೆಳೆಯಿತು, ಮಧ್ಯದ ಗುಂಡಿ ಹಾಗೇ ಉಳಿಯಿತು.

ಆಮೇಲೆ ಬೇರೆ ಕಡೆ ತೋರಿಸಿದೆವು. ಅಲ್ಲಿನ ನರ್ಸ್ ಆ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಹೆರೆದರು. ಒಳಗೆ ಗಾಯ ಕಂಡದ್ದಕ್ಕಿಂತ ಅಗಲ ಇತ್ತು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡಿಕೊಂಡು, ಪಾದದ ಭಾರ ಹಂಚುವ ಪ್ಲಾಸ್ಟರ್ ಕಟ್ಟಿದರು. ಜೆಲ್ ಬಿಡಿಸಿದರು. ಬಿಚ್ಚಿ ನೋಡಿದಾಗ ತಳದಲ್ಲಿ ಕೆಂಪಗೆ ಕಾಳುಕಾಳಾದ ಮಾಂಸ, ಅಂಚಿನಲ್ಲಿ ತೆಳ್ಳನೆಯ ಗುಲಾಬಿ ಚರ್ಮ. ಅದಕ್ಕೆ ಸಿಗ್ನಲ್ ಕೊಟ್ಟವರು ಯಾರು? ಆ ಜೀವಕೋಶಗಳೇ, ಅಲ್ವಾ?

ಇಂಥ ಗಾಯದಲ್ಲಿ ಸಿಗ್ನಲ್ಲೇ ಕೆಟ್ಟಿರುತ್ತದೆ ಅಂತ ವಾದ ಮಾಡುತ್ತಾರೆ. ಲ್ಯಾಬಿನವರ ಮಾತು ಲ್ಯಾಬಿಗೆ ಇರಲಿ. ಜಾರ್ಜ್ ವಿಂಟರ್ ಎಂಬ ಸಂಶೋಧಕರು 1962ರಲ್ಲಿ ಹಂದಿಗಳ ಚರ್ಮದ ಗಾಯಕ್ಕೆ ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದರು. ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಹರಡಿತು. ಮದ್ದು ಏನು ಅಂದರೆ ಒಂದು ಹಾಳೆ!

ಇನ್ನು ಪ್ರೋಟೀನ್ ಮದ್ದುಗಳ ಕಥೆ. ಟಿಜಿಎಫ್-ಬೀಟಾ 3 ಕೊಟ್ಟರೆ ಗಾಯದ ಕಲೆ ಕಡಿಮೆಯಾಗುತ್ತದೆ ಅಂತ ಅವೊಟರ್ಮಿನ್ ಎಂಬ ಮದ್ದು ಬಂತು. ಶುರುವಿನ ಪ್ರಯೋಗಗಳಲ್ಲಿ ಚೆನ್ನಾಗೇ ಕಂಡಿತು, 2011ರಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಮುಗ್ಗರಿಸಿತು. ಹತ್ತಾರು ಸಿಗ್ನಲ್‌ಗಳು ಹೊತ್ತು ನೋಡಿ ಏರಿ ಇಳಿಯುವ ಕಡೆ ಒಂದನ್ನೇ ಜೋರು ಮಾಡಿದರೆ ಇನ್ನೇನಾಗುತ್ತದೆ? ಕ್ಯಾನ್ಸರ್ ಗೆಡ್ಡೆ ಅಂದರೆ ಮಾಯದ ಗಾಯ ಅಂತ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಬರೆದಿದ್ದರು. ಗಾಯ ಬಳಸುವ ಸಿಗ್ನಲ್‌ಗಳನ್ನೇ ಗೆಡ್ಡೆಯೂ ಬಳಸಿಕೊಳ್ಳುತ್ತದೆ. ಬೆಕಾಪ್ಲೆರ್ಮಿನ್ ಡಬ್ಬಿಯ ಮೇಲಿನ ಕ್ಯಾನ್ಸರ್ ಎಚ್ಚರಿಕೆ ಹೋಗಿರಬಹುದು, ನನ್ನ ಅಳುಕು ಹೋಗಿಲ್ಲ.