ಬಾಣವೆಲ್ಲ ಅಮ್ಮನ ಹೊಟ್ಟೆಯಿಂದಲೇ ಯಾಕೆ?

ಇವತ್ತು ಕ್ಲಾಸಿನಲ್ಲಿ ಸೆಮಿನಾರ್ ಇತ್ತು. ವಿಷಯ ಎಪಿಜೆನೆಟಿಕ್ಸ್, ಅಂದರೆ ಜೀನು ಬದಲಾಗದೆಯೇ ಅದು ಕೆಲಸ ಮಾಡುವ ರೀತಿ ಬದಲಾಗುವುದರ ಅಧ್ಯಯನ. ಹುಡುಗ ಚೆನ್ನಾಗಿ ಓದುವವನೇ. ಕೊನೆಯ ಸ್ಲೈಡಿನಲ್ಲಿ ಒಬ್ಬ ಬಸುರಿಯ ಚಿತ್ರ. ಅವಳ ಹೊಟ್ಟೆಯಿಂದ ಹೊರಟ ಮೂರು ಬಾಣ: ಸಕ್ಕರೆ ಕಾಯಿಲೆ, ಬೊಜ್ಜು, ಹೃದಯದ ಕಾಯಿಲೆ. ಕೆಳಗೆ ಕೆಂಪು ಅಕ್ಷರದಲ್ಲಿ 'ಎಲ್ಲ ತಾಯಿಯ ಕೈಯಲ್ಲಿದೆ'. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ಕೊಟ್ಟ ಉದಾಹರಣೆ ಸರಿಯಾಗೇ ಇತ್ತು. 1944-45ರ ಚಳಿಗಾಲದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಜನ ಹೊಟ್ಟೆಗಿಲ್ಲದೆ ಸತ್ತರು. ಆಗ ಬಸಿರು ನಿಂತು ಹುಟ್ಟಿದವರನ್ನು ಸುಮಾರು ಅರವತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿದರು. ಐಜಿಎಫ್‌2 ಅನ್ನುವ ಜೀನಿನ ಮೇಲೆ ಮೀಥೈಲ್ ಗುರುತು, ಅಂದರೆ ಜೀನಿನ ಕೆಲಸವನ್ನು ಹೆಚ್ಚುಕಮ್ಮಿ ಮಾಡುವ ರಾಸಾಯನಿಕ ಗುರುತು, ಆ ಹಸಿವು ತಟ್ಟದ ಅವರ ಒಡಹುಟ್ಟಿದವರಿಗಿಂತ ಕಮ್ಮಿ ಇತ್ತು. ಎಲ್ಲ ನಿಜ. ಆದರೆ ಆ ತಾಯಂದಿರ ಬಾಯಿಂದ ತುತ್ತು ಕಿತ್ತುಕೊಂಡಿದ್ದು ಯಾರು? ಊರಿಗೆ ಆಹಾರ ಬಾರದ ಹಾಗೆ ತಡೆದಿದ್ದು ಜರ್ಮನ್ನರು. ಅವರಿಗೆ ಆ ಸ್ಲೈಡಿನಲ್ಲಿ ಒಂದು ಬಾಣವೂ ಇರಲಿಲ್ಲ.

ನಮ್ಮ ಸಾಗರದ ಹಂದಿಗೋಡನ್ನೇ ನೋಡಿ. 1970ರ ದಶಕದಲ್ಲಿ ಅಲ್ಲಿನ ಬಡವರ ಮನೆಗಳಲ್ಲಿ ಸೊಂಟ, ಮಂಡಿ ಸವೆಯುವ ಕಾಯಿಲೆ ಬೆಳಕಿಗೆ ಬಂತು. ಗದ್ದೆ ಏಡಿ ತಿಂದಿದ್ದಕ್ಕೆ ಅಂದರು, ಕೀಟನಾಶಕ ಅಂದರು. ಕೊನೆಗೆ ಒಂದೊಂದೇ ಕುಟುಂಬದ ವಂಶವೃಕ್ಷ ಹಿಡಿದು ನೋಡಿದಾಗ ಇದು ಜೀನಿನಿಂದ ಬರುವುದು ಅಂತ ತಿಳಿಯಿತು. ಅಪ್ಪ, ಅಮ್ಮ ಇಬ್ಬರಲ್ಲಿ ಯಾರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದರಲ್ಲಿ ತಾಯಿಯ ತಪ್ಪು ಎಲ್ಲಿಂದ ಬಂತು? ಇನ್ನು ಅಕಾಂಡ್ರೊಪ್ಲೇಸಿಯಾ ಅನ್ನುವ ಕುಳ್ಳುತನ ಇದೆ. ಅಪ್ಪ ಅಮ್ಮ ಇಬ್ಬರೂ ಎಲ್ಲರಂತಿದ್ದು ಮಗುವಿಗೆ ಅದು ಬಂದರೆ, ಜೀನಿನ ಆ ಹೊಸ ಬದಲಾವಣೆ ಹೆಚ್ಚುಕಮ್ಮಿ ಯಾವಾಗಲೂ ಅಪ್ಪನ ವೀರ್ಯದಲ್ಲೇ ಆಗಿರುತ್ತದೆ. ಇದನ್ನು ಹೇಳಿದರೆ ಕ್ಲಾಸಿನಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

'ಹಾಗಾದ್ರೆ ಬಸುರಿ ಜಾಗ್ರತೆ ಮಾಡೋದೇ ಬೇಡ್ವಾ ಮೇಡಂ?' ಅಂತ ಒಬ್ಬಳು ಕೇಳಿದಳು. ಬೇಕಮ್ಮ. ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ತಗೊಂಡರೆ ಮಗುವಿಗೆ ಬೆನ್ನುಹುರಿಯ ದೋಷ ಬರುವುದು ಎಷ್ಟೋ ತಪ್ಪುತ್ತದೆ. ಆದರೆ ಆ ಮಾತ್ರೆ ತಂದುಕೊಡುವುದು, ಅವಳಿಗೂ ಬಿಸಿ ಅನ್ನ ಉಳಿಸುವುದು, ಅವಳ ಮುಂದೆ ಬೀಡಿ ಸೇದದೆ ಇರುವುದು ಮನೆಯವರ ಕೆಲಸ ಅಲ್ವಾ?

ನಾನು ಇಷ್ಟು ಸಿಟ್ಟಾಗುವುದಕ್ಕೆ ಕಾರಣ ಇದೆ. ಇಪ್ಪತ್ತು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ಇರುವ ನಮ್ಮ ಅಕ್ಕನಿಗೆ ಸೀಳುತುಟಿಯ ಮಗು ಹುಟ್ಟಿತು. ಗ್ರಹಣದ ದಿನ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿದಿದ್ದಾಳೆ, ಅದಕ್ಕೇ ಹೀಗೆ ಅಂದರು ಅವಳ ಅತ್ತೆ. ಅಕ್ಕ ಬಾಣಂತಿ ಕೋಣೆಯಲ್ಲಿ ಕೂತು, ಪಂಚಾಂಗದ ಹಾಳೆ ತಿರುವಿ, ದಿನ ಎಣಿಸುತ್ತಿದ್ದಳು. ನಾನಾಗ ಜೆನೆಟಿಕ್ಸ್ ಓದುತ್ತಿದ್ದೆ. ಸೀಳುತುಟಿಗೆ ಹಲವು ಜೀನುಗಳು, ಬೇರೆ ಹಲವು ಕಾರಣಗಳು ಸೇರಬೇಕು ಅಂತ ಗೊತ್ತಿತ್ತು. ಆದರೂ ಅವರ ಮುಂದೆ ಬಾಯಿ ಬಿಡಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಅವತ್ತು ಗ್ರಹಣ ಅಂದರು, ಇವತ್ತು ನನ್ನ ವಿದ್ಯಾರ್ಥಿ ಎಪಿಜೆನೆಟಿಕ್ಸ್ ಅನ್ನುತ್ತಾನೆ. ಕೂತು ದಿನ ಎಣಿಸುವವಳು ಮಾತ್ರ ಅವಳೇ.

ಸೋಮವಾರ ಆ ಸ್ಲೈಡ್ ತಿದ್ದಿಕೊಂಡು ಬಾ ಅಂದಿದ್ದೇನೆ. ಸಂಜೆ ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಮೆಲ್ಲಗೆ ಅಂದಳು: 'ನಾನು ಅವತ್ತು ಕತ್ತಿ ಮುಟ್ಟಿರಲೇ ಇಲ್ಲ ಕಣೇ.'