ಮರಳಿ ಬಂದವರಿಗೂ ಸ್ವಲ್ಪ ಕಾಲ ಬೇಕು

ಹನ್ನೊಂದು ತಿಂಗಳು ಹೊರದೇಶಗಳಲ್ಲಿ ಅಲೆದು ಮನೆಗೆ ಮರಳಿ ಇಂದಿಗೆ ಆರು ವಾರವಾಯಿತು. ಬಂದ ಹೊಸದರಲ್ಲಿ ಒಂದು ನಡುರಾತ್ರಿ ಎಚ್ಚರವಾದಾಗ ನನ್ನ ಕೈ ದೀಪದ ಸ್ವಿಚ್ಚಿಗಾಗಿ ಎಡಗಡೆಯ ಗೋಡೆಯನ್ನು ತಡವುತ್ತಿತ್ತು. ನನಗೆ ಬುದ್ಧಿ ತಿಳಿದಂದಿನಿಂದ ಈ ಕೋಣೆಯ ಸ್ವಿಚ್ಚು ಇರುವುದು ಬಲಗಡೆಯಲ್ಲಿ. ಎಡಗಡೆಯಲ್ಲಿದ್ದದ್ದು ಕೊನೆಯ ಮೂರು ತಿಂಗಳು ನಾನು ತಂಗಿದ್ದ ಬಾಡಿಗೆ ಕೋಣೆಯಲ್ಲಿ. ಎಲ್ಲಿದ್ದೇನೆ ಎಂಬುದು ಹೊಳೆಯಲು ಕೆಲವು ಕ್ಷಣ ಬೇಕಾಯಿತು. ಹೊಳೆದ ಮೇಲೆ ಸಮಾಧಾನವಾಗುವ ಬದಲು ಹೇಳಿಕೊಳ್ಳಲಾಗದ ಒಂದು ಸಂಕಟವಾಯಿತು. ಸ್ವಂತ ಮನೆಯಲ್ಲಿದ್ದು ಸಂಕಟಪಡುವುದು ಕೃತಘ್ನತೆಯಂತೆ ಕಾಣುವುದರಿಂದಲೋ ಏನೋ, ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೊರಡುವಾಗ ನಾವು ತಿಂಗಳುಗಟ್ಟಲೆ ಸಿದ್ಧತೆ ಮಾಡುತ್ತೇವೆ. ವೀಸಾ, ವಿಮೆ, ಲಸಿಕೆ, ಅಲ್ಲಿನ ಭಾಷೆಯ ನಾಲ್ಕು ಮಾತು, ಎಲ್ಲವನ್ನೂ ಯೋಚಿಸುತ್ತೇವೆ. ಮರಳುವುದಕ್ಕೆ ಮಾತ್ರ ಟಿಕೆಟ್ ಒಂದಿದ್ದರೆ ಸಾಕು ಎಂದುಕೊಂಡಿರುತ್ತೇವೆ. ಬಂದ ಮೂರನೆಯ ದಿನಕ್ಕೆ ಕೆಲಸಕ್ಕೆ ಹಾಜರಾಗುವುದಾಗಿ ಒಪ್ಪಿಕೊಂಡದ್ದು ನಾನು ಮಾಡಿದ ದೊಡ್ಡ ತಪ್ಪು. ದೇಹದ ಒಳಗಡಿಯಾರ ಬೆಳಕನ್ನು ನೋಡಿ ಹೊಂದಿಕೊಳ್ಳುವಂಥದ್ದು. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಎಂಬ ಲೆಕ್ಕದಲ್ಲಿ ಅದು ನಿಧಾನವಾಗಿ ಸರಿಯುತ್ತದೆ. ಆ ಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ತುಸು ಹೆಚ್ಚಿರುವುದರಿಂದ ಪಶ್ಚಿಮಕ್ಕೆ ಹಾರಿದವರಿಗಿಂತ ಪೂರ್ವಕ್ಕೆ ಹಾರಿದವರಿಗೆ ಕಷ್ಟ ಹೆಚ್ಚು. ಆದರೆ ನಿದ್ದೆಯ ತೊಂದರೆ ಎರಡು ವಾರದೊಳಗೆ ತಾನಾಗಿ ಸರಿಹೋಗುತ್ತದೆ. ಮನಸ್ಸಿನ ಮಾತು ಬೇರೆ.

ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ ಅವರು ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ಅಧ್ಯಯನ ಮಾಡಿ, ಪರದೇಶದಲ್ಲಿ ಮೊದಲು ಉತ್ಸಾಹ, ನಡುವೆ ಕುಸಿತ, ಆಮೇಲೆ ಚೇತರಿಕೆ ಇರುತ್ತದೆ ಎಂದು 1955ರಲ್ಲಿ ಬರೆದರು. 1963ರಲ್ಲಿ ಜಾನ್ ಮತ್ತು ಜೀನ್ ಗಲ್ಲಾಹಾರ್ನ್ ಎಂಬ ಸಂಶೋಧಕರು ಅದಕ್ಕೆ ಇನ್ನೊಂದು ಭಾಗ ಸೇರಿಸಿ, ಮನೆಗೆ ಮರಳಿದ ಮೇಲೆ ಎರಡನೆಯ ಕುಸಿತವೂ ಬರುತ್ತದೆ ಎಂದರು. ಎಲ್ಲರ ಅನುಭವವೂ ಇದೇ ರೇಖೆಯಲ್ಲಿ ಸಾಗುವುದಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ನನಗೆ ಹೆಚ್ಚು ಹತ್ತಿರವೆನಿಸಿದ್ದು ಆಸ್ಟ್ರಿಯಾ ಮೂಲದ ಚಿಂತಕ ಆಲ್ಫ್ರೆಡ್ ಷುಟ್ಸ್, ಯುದ್ಧದಿಂದ ಮರಳುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು 1945ರಲ್ಲಿ ಹೇಳಿದ ಮಾತು. ಅಪರಿಚಿತ ಊರಿಗೆ ಹೋಗುವವನು ಅಲ್ಲಿ ಎಲ್ಲವೂ ಹೊಸತಾಗಿರುತ್ತದೆ ಎಂದು ತಿಳಿದೇ ಹೋಗುತ್ತಾನೆ. ಮನೆಗೆ ಮರಳುವವನು ಮಾತ್ರ ಬಿಟ್ಟುಹೋದದ್ದೆಲ್ಲ ಬಿಟ್ಟಲ್ಲೇ ಇರುತ್ತದೆ ಎಂದು ನಂಬಿ ಬರುತ್ತಾನೆ. ಆದರೆ ಹೋದವನೂ ಬದಲಾಗಿರುತ್ತಾನೆ, ಉಳಿದವರೂ ಬದಲಾಗಿರುತ್ತಾರೆ.

ನಾನು ಬದಲಾಗಿದ್ದೇನೆ ಎಂಬ ಮೊದಲರ್ಧವನ್ನು ಯಾರಾದರೂ ಸುಲಭವಾಗಿ ಒಪ್ಪುತ್ತಾರೆ, ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಎರಡನೆಯ ಅರ್ಧ ನನಗೆ ಅರ್ಥವಾದದ್ದು ಒಂದು ಕುರ್ಚಿಯಿಂದ. ಬಂದ ಮರುದಿನ ನಡುಮನೆಯಲ್ಲಿ ಅಪ್ಪನ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಅದು ಯಾವಾಗಲೂ ಬಾಗಿಲ ಬಳಿ ಇರುತ್ತಿದ್ದದ್ದರಿಂದ, ಗುಡಿಸುವಾಗ ಯಾರೋ ಸರಿಸಿ ಮರೆತಿದ್ದಾರೆ ಎಂದುಕೊಂಡು ನಾನೇ ಎತ್ತಿ ಹಳೆಯ ಜಾಗದಲ್ಲಿಟ್ಟೆ. ಸಂಜೆ ಅಪ್ಪ ಕಿಟಕಿಯ ಹತ್ತಿರ ಹೋಗಿ, ಸ್ವಲ್ಪ ಬಗ್ಗಿ, ಇಲ್ಲದ ಕುರ್ಚಿಯ ತೋಳಿಗಾಗಿ ಕೈಯಾಡಿಸಿದರು. ಅಕ್ಕ ಓಡಿಬಂದು ಅವರನ್ನು ಹಿಡಿದುಕೊಂಡಳು. ಐದು ತಿಂಗಳಿಂದ ಅಪ್ಪನ ದೃಷ್ಟಿ ಮಂದವಾಗುತ್ತಾ ಬಂದಿತ್ತು, ಬೆಳಕಿರುವಲ್ಲಿ ಕೂತರೆ ಓದಲು ಅನುಕೂಲವೆಂದು ಕುರ್ಚಿ ಅಲ್ಲಿಗೆ ಹೋಗಿತ್ತು. ಫೋನಿನಲ್ಲಿ ಪ್ರತಿ ಸಲವೂ ಎಲ್ಲರೂ ಚೆನ್ನಾಗಿದ್ದಾರೆ ಎಂದೇ ಹೇಳಿದ್ದರು, ನಾನು ಅಷ್ಟಕ್ಕೆ ತೃಪ್ತಿಪಟ್ಟು ನನ್ನ ಸುದ್ದಿ ಶುರುಮಾಡುತ್ತಿದ್ದೆ.

ಅಲ್ಲಿಯವರೆಗೆ ನನಗೆ ನನ್ನದೇ ಒಂದು ದೂರಿತ್ತು: ಇಷ್ಟು ದೂರ ಹೋಗಿಬಂದರೂ ಯಾರೂ ಏನನ್ನೂ ಕೇಳುತ್ತಿಲ್ಲ, ಕೇಳಿದರೂ ಎರಡು ನಿಮಿಷಕ್ಕೆ ಮಾತು ಬೇರೆಡೆಗೆ ತಿರುಗುತ್ತದೆ ಎಂದು. ಆ ನೋವು ಸುಳ್ಳಲ್ಲ. ಆದರೆ ಮನೆಯಲ್ಲಿದ್ದವರಿಗೂ ಹನ್ನೊಂದು ತಿಂಗಳ ಕಥೆಯಿದೆ, ಅದನ್ನು ಮೊದಲು ಕೇಳಬೇಕಾದದ್ದು ಹೋಗಿಬಂದವರು ಎಂದು ಈಗ ನಾನು ದೃಢವಾಗಿ ನಂಬುತ್ತೇನೆ. ಮಾತೆತ್ತಿದರೆ ‘ಅಲ್ಲಿ ಹೀಗಿರಲಿಲ್ಲ’ ಎಂದು ಹೋಲಿಸುವುದನ್ನೂ ನಿಲ್ಲಿಸಿದ್ದೇನೆ. ಹೋಲಿಕೆ ಎಷ್ಟೇ ನಿಜವಾದರೂ ಕೇಳುವವರಿಗೆ ಅದು ತಮ್ಮ ಬದುಕಿನ ಮೇಲಿನ ತೀರ್ಪಿನಂತೆ ಕೇಳಿಸುತ್ತದೆ.

ದೀರ್ಘಕಾಲ ಹೊರಗಿದ್ದು ಮರಳುವವರು ದಯವಿಟ್ಟು ಮೊದಲ ಒಂದೆರಡು ವಾರವನ್ನು ಖಾಲಿ ಇಟ್ಟುಕೊಳ್ಳಿ. ಮನೆಯವರಲ್ಲೂ ಒಂದು ಕೋರಿಕೆಯಿದೆ. ‘ಹೇಗಿತ್ತು ಪ್ರವಾಸ?’ ಎಂಬ ಪ್ರಶ್ನೆಗೆ ‘ಚೆನ್ನಾಗಿತ್ತು’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ನಮಗೆ ಹೊಳೆಯುವುದಿಲ್ಲ. ಸಣ್ಣದೇನನ್ನಾದರೂ ಕೇಳಿ.

ಕುರ್ಚಿ ಈಗ ಕಿಟಕಿಯ ಪಕ್ಕದಲ್ಲೇ ಇದೆ. ನಿನ್ನೆ ಸಂಜೆ ನಾನು ಅದರ ಬಳಿ ಕೂತಿದ್ದಾಗ ಅಪ್ಪ, ನೀನಿದ್ದ ಕಡೆ ಕತ್ತಲಾಗುತ್ತಿದ್ದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಜೂನ್ ತಿಂಗಳಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತಿತ್ತು, ದೀಪ ಹಾಕದೆಯೇ ಪುಸ್ತಕ ಓದುತ್ತಿದ್ದೆ ಎಂದೆ. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಾ ಕೂತಿದ್ದು, ಆಮೇಲೆ ಯಾವ ಪುಸ್ತಕ ಎಂದು ಕೇಳಿದರು.